"ಇಲ್ಲ ಅಂತ ಹೇಳೇ" ಅಂದಳು ಅಮ್ಮ

ಕಳೆದ ಅಕ್ಟೋಬರ್‌ನ ಒಂದು ರಾತ್ರಿ. ಗಂಟೆ ಹನ್ನೆರಡಾಗುತ್ತಾ ಬಂದಿತ್ತು. ಜರ್ಮನಿಯ ಮ್ಯೂನಿಕ್‌ನಲ್ಲಿ, ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಅಮ್ಮ ಮಲಗಿದ್ದಳು. ತೋಳಿಗೆ ಬಿಪಿ ಪಟ್ಟಿ, ಎದೆ ಮೇಲೆಲ್ಲಾ ಇಸಿಜಿ ವೈರು. ಡಾಕ್ಟರ್ ನನ್ನ ಕಡೆ ತಿರುಗಿ ಜರ್ಮನ್‌ನಲ್ಲಿ, "ಇವರಿಗೆ ಮೊದಲಿಂದ ಏನಾದರೂ ಕಾಯಿಲೆ ಇದೆಯಾ?" ಅಂತ ಕೇಳಿದರು. ನಾನು ಅದನ್ನೇ ಕನ್ನಡದಲ್ಲಿ ಅಮ್ಮನಿಗೆ ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಂದಳು: "ಇಲ್ಲ ಅಂತ ಹೇಳೇ. ಇನ್ಶೂರೆನ್ಸ್‌ನವರು ದುಡ್ಡು ಕೊಡಲ್ಲ."

ಆ ಕೋಣೆಯಲ್ಲಿ ಎರಡೂ ಭಾಷೆ ಗೊತ್ತಿದ್ದವಳು ನಾನೊಬ್ಬಳೇ.

ನಾನು ಇಲ್ಲಿಗೆ ಬಂದು ನಾಲ್ಕು ವರ್ಷ. ಕೆಲಸಕ್ಕೆ ಸೇರಿದ ತಿಂಗಳಿಂದಲೇ ಸಂಬಳದಲ್ಲಿ ಆರೋಗ್ಯ ವಿಮೆಗೆ ಹಣ ಮುರಿದುಕೊಳ್ಳುತ್ತಾರೆ, ಸುಮಾರು ಅಷ್ಟೇ ಹಣವನ್ನು ಕಂಪನಿ ಹಾಕುತ್ತೆ. ಫೋಟೋ ಇರುವ ಒಂದು ಕಾರ್ಡ್ ಬರುತ್ತೆ. ಎರಡು ವರ್ಷದ ಹಿಂದೆ ಹಿಮದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಎಕ್ಸ್‌ರೇ, ಪ್ಲಾಸ್ಟರ್, ಮತ್ತೆ ಮತ್ತೆ ಓಡಾಟ. ಎಲ್ಲಾ ಕಡೆ ಕಾರ್ಡ್ ಕೊಟ್ಟೆ, ಬಂದೆ. ಬಿಲ್ ಅನ್ನೋದನ್ನೇ ನೋಡಲಿಲ್ಲ. ಡಾಕ್ಟರ್ ಬರೆದುಕೊಟ್ಟ ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ ನಾವು ಕೊಟ್ಟರೆ ಆಯಿತು. ಗಂಡನಿಗೋ ಹೆಂಡತಿಗೋ ಸಂಪಾದನೆ ಇಲ್ಲದಿದ್ದರೆ ಅವರನ್ನೂ, ಮಕ್ಕಳನ್ನೂ ಹೆಚ್ಚಿನ ಹಣ ಇಲ್ಲದೆ ಇದೇ ವಿಮೆಗೆ ಸೇರಿಸಬಹುದು.

ಅಪ್ಪ-ಅಮ್ಮನನ್ನು ಮಾತ್ರ ಸೇರಿಸೋಕೆ ಆಗಲ್ಲ.

ಅಮ್ಮ ತುಮಕೂರಿನಿಂದ ಬಂದಿದ್ದು ಷೆಂಗೆನ್ ವೀಸಾದಲ್ಲಿ, ಮೂರು ತಿಂಗಳಿಗೆ. ಆ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಬೇಕು. ನಾನು ಅದನ್ನು ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್ ತರಹ ಇನ್ನೊಂದು ಕಾಗದ ಅಂತಲೇ ನೋಡಿದೆ. ಎಲ್ಲಕ್ಕಿಂತ ಅಗ್ಗದ್ದು ಯಾವುದೋ ಅದನ್ನೇ ತಗೊಂಡೆ. ಮೊದಲೇ ಇರುವ ಕಾಯಿಲೆಗೂ ಅದರಿಂದ ಆಗುವ ತೊಂದರೆಗೂ ಹಣ ಸಿಗಲ್ಲ ಅಂತ ಅದರಲ್ಲಿ ಇತ್ತು. ಓದಿರಲಿಲ್ಲ ಅಂದರೆ ಸುಳ್ಳಾಗುತ್ತೆ. ಓದಿದ್ದೆ. ಫೋನಿನಲ್ಲಿ ಅಮ್ಮನಿಗೆ ತಮಾಷೆಯಾಗಿ ಹೇಳಿಯೂ ಇದ್ದೆ: "ಇಲ್ಲಿ ಬಂದು ಬಿಪಿ ಗಿಪಿ ಅಂತ ಆಸ್ಪತ್ರೆ ಸೇರ್ಬೇಡಮ್ಮ, ಅದಕ್ಕೆ ಇನ್ಶೂರೆನ್ಸ್ ಇಲ್ಲ."

ನಾನು ಮರೆತೆ. ಅವಳು ಮರೆಯಲಿಲ್ಲ.

ತಂದಿದ್ದು ಎರಡು ತಿಂಗಳ ಮಾತ್ರೆ, ಇರಬೇಕಾಗಿದ್ದು ಮೂರು ತಿಂಗಳು. ಇಲ್ಲಿ ಡಾಕ್ಟರ್‌ಗೆ ತೋರಿಸಿದರೆ ಮಗಳಿಗೆ ಖರ್ಚು ಅಂತ ಎಣಿಸಿ ಎಣಿಸಿ ದಿನ ಬಿಟ್ಟು ದಿನ ನುಂಗಿದ್ದಾಳೆ. ಆ ರಾತ್ರಿ ಎದೆ ಬಿಗಿಯಾಗಿ, ತಲೆ ಸುತ್ತಿ, ಬಚ್ಚಲುಮನೆ ಬಾಗಿಲಿಗೆ ಒರಗಿ ಕೂತಿದ್ದಳು. ನಾನು 112ಕ್ಕೆ ಫೋನ್ ಮಾಡಿದೆ. ಇದು ಯಾವುದೂ ನನಗೆ ಆಗ ಗೊತ್ತಿರಲಿಲ್ಲ.

ಡಾಕ್ಟರ್ ಉತ್ತರಕ್ಕೆ ಕಾಯುತ್ತಿದ್ದರು. ಒಂದೆರಡು ಸೆಕೆಂಡ್ ನಾನೂ ಲೆಕ್ಕ ಹಾಕಿದೆ. ಆಸ್ಪತ್ರೆ ಬಿಲ್ ಎಷ್ಟಾಗಬಹುದು, ಖಾತೆಯಲ್ಲಿ ಎಷ್ಟಿದೆ ಅಂತ. ಆ ಲೆಕ್ಕದ ನಾಚಿಕೆ ಇನ್ನೂ ಹೋಗಿಲ್ಲ. ಆಮೇಲೆ ಹೇಳಿದೆ: "ಆರು ವರ್ಷದಿಂದ ಬಿಪಿ ಇದೆ. ಅಮ್ಲೋಡಿಪಿನ್ ತಗೋತಾರೆ." ಕೊನೆಯ ಮಾತ್ರೆ ಯಾವಾಗ ತಗೊಂಡಿದ್ದು ಅಂತ ಅವರು ಕೇಳಿದಾಗ ಅಮ್ಮ ಮೇಲೆ ಚಾವಣಿ ನೋಡಿದಳು. ಆಗಲೇ ಎಲ್ಲಾ ಹೊರಗೆ ಬಂದಿದ್ದು.

ಎರಡು ರಾತ್ರಿ ಇಟ್ಟುಕೊಂಡರು. ಹೃದಯಕ್ಕೆ ಏನೂ ಆಗಿರಲಿಲ್ಲ. ಮಾತ್ರೆ ತಪ್ಪಿಸಿದ್ದಕ್ಕೆ ಬಿಪಿ ಏರಿತ್ತು. ಡಿಸ್ಚಾರ್ಜ್ ಆದ ಮೇಲೆ ಅದೇ ಮಾತ್ರೆಯ ಒಂದು ಡಬ್ಬಿ ಇಲ್ಲಿನ ಔಷಧಿ ಅಂಗಡಿಯಲ್ಲಿ ತಗೊಂಡೆ. ನಾವಿಬ್ಬರೂ ಆ ಹಿಂದಿನ ಭಾನುವಾರ ಹೊರಗೆ ಊಟಕ್ಕೆ ಕೊಟ್ಟಿದ್ದರ ಅರ್ಧವೂ ಆಗಲಿಲ್ಲ.

ಬಿಲ್ ಕೆಲವು ವಾರಗಳ ನಂತರ ಅಂಚೆಯಲ್ಲಿ ಬಂತು. ನನ್ನ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು. ವಿಮಾ ಕಂಪನಿಯವರು ಆಸ್ಪತ್ರೆಯ ವರದಿ ಕೇಳಿದರು, ಕಳಿಸಿದೆ. ಅಮ್ಮ ಹೇಳಿದ ಹಾಗೇ ಆಯಿತು, ಹಣ ಕೊಡಲ್ಲ ಅಂದರು. ಆಸ್ಪತ್ರೆಯ ಲೆಕ್ಕದ ವಿಭಾಗಕ್ಕೆ ಫೋನ್ ಮಾಡಿ ಕಂತಿನಲ್ಲಿ ಕಟ್ಟಬಹುದಾ ಅಂತ ಕೇಳಿದೆ, ಒಪ್ಪಿದರು. ಆರು ಕಂತು. ಕೇಳದೇ ಇದ್ದಿದ್ದರೆ ಇಂಥ ದಾರಿ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವವರಿಗೆ ನಾನು ಈಗ ಹೇಳೋದು ಇಷ್ಟೇ. ಪಾಲಿಸಿಯ ಬೆಲೆ ನೋಡುವ ಮೊದಲು ಹಳೆಯ ಕಾಯಿಲೆ ಬಗ್ಗೆ ಏನು ಬರೆದಿದ್ದಾರೆ ಓದಿ. ಅದು ಇದ್ದಕ್ಕಿದ್ದಂತೆ ಜೋರಾದರೆ ಖರ್ಚು ಕೊಡುವ ಪಾಲಿಸಿಗಳೂ ಇವೆ, ಪ್ರೀಮಿಯಂ ಜಾಸ್ತಿ ಅಷ್ಟೇ. ಇರುವಷ್ಟು ದಿನಕ್ಕಿಂತ ಒಂದೆರಡು ವಾರ ಹೆಚ್ಚಿಗೇ ಮಾತ್ರೆ ತರಿಸಿ. ಊರಿನ ಡಾಕ್ಟರ್ ಹತ್ತಿರ ಮಾತ್ರೆಯ ಬ್ರ್ಯಾಂಡ್ ಹೆಸರಲ್ಲ, ಒಳಗಿರುವ ಔಷಧಿಯ ಹೆಸರು ಬರೆಸಿಕೊಳ್ಳಿ. ಬ್ರ್ಯಾಂಡ್ ದೇಶಕ್ಕೊಂದು ಇರುತ್ತೆ. ಜರ್ಮನಿಯಲ್ಲಾದರೆ ಜೀವಕ್ಕೆ ಅಪಾಯ ಅನ್ನಿಸಿದರೆ 112, ರಾತ್ರಿಯೋ ರಜಾದಿನವೋ ಡಾಕ್ಟರ್ ಬೇಕು ಅಂತಿದ್ದರೆ 116117. ಎಲ್ಲಕ್ಕಿಂತ ಮೊದಲು, ಬಂದವರ ಮುಂದೆ ಖರ್ಚಿನ ತಮಾಷೆ ಮಾಡಬೇಡಿ. ಅವರು ಅದನ್ನು ತಮಾಷೆ ಅಂದುಕೊಳ್ಳಲ್ಲ.

ಕೊನೆಯ ಕಂತು ಕಟ್ಟಿದ ದಿನ ಅಮ್ಮ ಫೋನಿನಲ್ಲಿ ಕೇಳಿದಳು, "ಇನ್ಶೂರೆನ್ಸ್‌ನವರು ಕೊಟ್ರೇನೇ?" ಹೂಂ ಅನ್ನಬಹುದಿತ್ತು. "ಇಲ್ಲಮ್ಮ, ನಾನೇ ಕಟ್ಟಿದೆ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅದಕ್ಕೇ ಹೇಳಿದ್ದು, ಇಲ್ಲ ಅನ್ನೇ ಅಂತ."

"ಈಗ ಮಾತ್ರೆ ತಗೊಂಡ್ಯಾ?"

"ತಗೊಂಡೆ ಕಣೇ. ದಿನಾ ತಗೋತೀನಿ. ಬೇಕಿದ್ರೆ ಖಾಲಿ ಪಟ್ಟಿ ವಾಟ್ಸಾಪ್ ಮಾಡ್ತೀನಿ ನೋಡು."

ಮಾಡಿದಳು. ಈಗ ಪ್ರತಿ ಭಾನುವಾರ ಫೋಟೋ ಬರುತ್ತೆ.