ನೆಲದ ಮಡಿಕೆಯಲ್ಲೊಂದು ಕಟ್ಟಡ

ಕಾಶ್ಮೀರದ ಲಾಕ್ಷಣಿಕ ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಔಚಿತ್ಯವೇ ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ಸೊಂಟದ ಡಾಬನ್ನು ಕೊರಳಿಗೆ ಕಟ್ಟಿಕೊಂಡರೆ ಅದರ ಚಿನ್ನಕ್ಕೆ ಕುಂದಿಲ್ಲ. ಆದರೆ ತೊಟ್ಟವರು ನಗೆಗೀಡಾಗುತ್ತಾರೆ ಎಂಬುದು ಅವನ ವಾದದ ತಿರುಳು. ಈ ವಿವೇಕ ಕಾವ್ಯಕ್ಕಷ್ಟೇ ಮೀಸಲಲ್ಲ. ನಿಸರ್ಗವೇ ನಿರ್ಮಿಸಿದ ಒಂದು ಅದ್ಭುತದ ಪಕ್ಕದಲ್ಲಿ ಮನುಷ್ಯನು ಗೋಡೆ ಎಬ್ಬಿಸಲು ಹೊರಟಾಗ ಎದುರಾಗುವ ಮೊದಲ ಪ್ರಶ್ನೆಯೂ ಔಚಿತ್ಯದ್ದೇ. ನೋಡಲು ಬರುವ ಜನಕ್ಕೆ ನೆರಳು, ನೀರು, ಶೌಚಾಲಯ, ವಾಹನ ನಿಲ್ಲಿಸುವ ಜಾಗ ಎಲ್ಲವೂ ಬೇಕು. ಆದರೆ ಅವರು ದೂರದಿಂದ ಬಂದದ್ದು ಇವನ್ನು ನೋಡುವುದಕ್ಕಲ್ಲ. ಅಗತ್ಯವೂ ಆಗಿ, ಅಡ್ಡಿಯೂ ಆಗದೆ ನಿಲ್ಲುವ ಕಟ್ಟಡ ಹೇಗಿರಬೇಕು? ಉತ್ತರ ಐರ್ಲೆಂಡಿನ ಆಂಟ್ರಿಮ್ ಕೌಂಟಿಯ ಕಡಲತೀರದಲ್ಲಿರುವ ಜೈಂಟ್ಸ್ ಕಾಸ್‌ವೇ ಈ ಪ್ರಶ್ನೆಗೆ ದೊರೆತ ಒಂದು ಗಂಭೀರವಾದ ಉತ್ತರ.

ಅಲ್ಲಿ ಸುಮಾರು 40,000 ಬಸಾಲ್ಟ್ ಶಿಲಾಸ್ತಂಭಗಳು ಒತ್ತೊತ್ತಾಗಿ ನಿಂತು ಮೆಟ್ಟಿಲುಗಳಂತೆ ಸಮುದ್ರಕ್ಕೆ ಇಳಿಯುತ್ತವೆ. ಸುಮಾರು 6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ತಣಿಯುತ್ತ ಕುಗ್ಗಿತು; ಕುಗ್ಗುವಾಗ ಮೇಲ್ಮೈಯಲ್ಲಿ ಮೂಡಿದ ಬಿರುಕುಗಳು ಕೆಸರುಗದ್ದೆ ಒಣಗಿ ಬಿರಿದಂತೆ ಹಬ್ಬಿ, ಆಳಕ್ಕೆ ಇಳಿದು ಕಂಬಗಳನ್ನು ಬಿಡಿಸಿದವು. ಹೆಚ್ಚಿನವು ಆರು ಮುಖದವು. ನಾಲ್ಕು, ಐದು, ಏಳು, ಎಂಟು ಮುಖದವೂ ಉಂಟು. ಜನಪದರ ಬಾಯಲ್ಲಿ ಇದು ಫಿನ್ ಮಕೂಲ್ ಎಂಬ ದೈತ್ಯನು ಸ್ಕಾಟ್ಲೆಂಡಿನ ಎದುರಾಳಿಯನ್ನು ಎದುರಿಸಲು ಕಡಲಿಗೆ ಹಾಕಿದ ಹಾದಿ. 1986ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ವರ್ಷ ತೆರೆದಿದ್ದ ಸಂದರ್ಶಕರ ಕೇಂದ್ರವು 2000ದಲ್ಲಿ ಬೆಂಕಿಗೆ ಆಹುತಿಯಾಯಿತು. ಮುಂದಿನ ಹನ್ನೆರಡು ವರ್ಷ ತಾತ್ಕಾಲಿಕ ವ್ಯವಸ್ಥೆಯಲ್ಲೇ ಕಾಲ ಕಳೆಯಿತು. 2005ರ ಅಂತಾರಾಷ್ಟ್ರೀಯ ವಿನ್ಯಾಸ ಸ್ಪರ್ಧೆಯಲ್ಲಿ ಡಬ್ಲಿನ್ನಿನ ಹೆನೆಗನ್ ಪೆಂಗ್ ಸಂಸ್ಥೆ ಗೆದ್ದಿತಾದರೂ, ಖಾಸಗಿ ಉದ್ಯಮಿಯೊಬ್ಬರ ಪ್ರತ್ಯೇಕ ಯೋಜನೆಗೆ ಅನುಮತಿ ನೀಡುವ ಒಲವನ್ನು ಸರ್ಕಾರ 2007ರಲ್ಲಿ ತೋರಿದಾಗ ದೊಡ್ಡ ವಿವಾದವೆದ್ದಿತು. ಪರಂಪರೆಯ ಹೊಸ್ತಿಲಲ್ಲಿ ನಿಲ್ಲುವ ಹಕ್ಕು ಯಾರದು, ಅಲ್ಲಿಂದ ಬರುವ ಲಾಭ ಯಾರಿಗೆ ಸಲ್ಲಬೇಕು ಎಂಬುದು ವಿವಾದದ ಒಳತಿರುಳು. ಕೊನೆಗೆ ಖಾಸಗಿ ಯೋಜನೆ ತಿರಸ್ಕೃತವಾಗಿ, ಸ್ಪರ್ಧೆಯಲ್ಲಿ ಗೆದ್ದ ವಿನ್ಯಾಸವನ್ನು ನ್ಯಾಷನಲ್ ಟ್ರಸ್ಟ್ ಕೈಗೆತ್ತಿಕೊಂಡಿತು. 1.85 ಕೋಟಿ ಪೌಂಡ್ ವೆಚ್ಚದ ಕಟ್ಟಡವು 2012ರ ಜುಲೈನಲ್ಲಿ ತೆರೆಯಿತು.

ವಿನ್ಯಾಸದ ಮೂಲಭಾವ ಸರಳವಾದುದು. ಶಿಲ್ಪಿಗಳು ಕಟ್ಟಡವೊಂದನ್ನು ತಂದು ನೆಲದ ಮೇಲೆ ಇರಿಸಲಿಲ್ಲ. ನೆಲವನ್ನೇ ಎರಡು ಕಡೆ ಮಡಿಸಿದರು. ಒಂದು ಮಡಿಕೆ ಮೇಲೆದ್ದು ತನ್ನಡಿಯಲ್ಲಿ ಕಟ್ಟಡವನ್ನು ತೋರುತ್ತದೆ; ಇನ್ನೊಂದು ಕೆಳಗಿಳಿದು ವಾಹನಗಳ ನಿಲುಗಡೆಯನ್ನು ಮರೆಮಾಡುತ್ತದೆ. ಎರಡರ ನಡುವಿನ ಇಳಿಜಾರು ಬಂದವರನ್ನು ಕಡಲ ದಂಡೆಯತ್ತ ಒಯ್ಯುತ್ತದೆ. ಛಾವಣಿಯ ಮೇಲೆ ಅಲ್ಲಿಯದೇ ಹುಲ್ಲು ಬೆಳೆದಿದೆ. ಅದರ ಮೇಲೆ ನಡೆದಾಡುವವರಿಗೆ ತಾವು ಸೂರಿನ ಮೇಲಿದ್ದೇವೆಯೋ ಗುಡ್ಡದ ಮೇಲಿದ್ದೇವೆಯೋ ಎಂಬ ಭೇದ ತೋರದು. ಒಳಗಿನ ನೆಲವೂ ಹೊರಗಿನ ಏರಿಳಿತವನ್ನು ಅನುಸರಿಸಿ ಹಂತಹಂತವಾಗಿ ಏರುತ್ತದೆ.

ಮುಂಭಾಗದಲ್ಲಿ ಮಾತ್ರ ಕಟ್ಟಡ ತನ್ನನ್ನು ಮರೆಮಾಚುವುದಿಲ್ಲ. ಗಾಜಿನ ನಡುವೆ ಎತ್ತರವಾದ ಬಸಾಲ್ಟ್ ಕಂಬಗಳ ಸಾಲು ನಿಂತಿದೆ. ಕಿಲ್ರೀ ಎಂಬ ಊರಿನ ಕಲ್ಲುಗಣಿಯಿಂದ ತಂದ ಆ ಶಿಲೆ ಕಾಸ್‌ವೇಯ ಶಿಲೆಯ ಕುಲದ್ದೇ. ಆದರೆ ಇವು ಷಟ್ಕೋನದ ಕಂಬಗಳಲ್ಲ. ನೇರವಾಗಿ ಕೊಯ್ದು ಚೌಕಾಕಾರಕ್ಕೆ ತಂದಂಥವು. ಇಲ್ಲಿಯೇ ಶಿಲ್ಪಿಗಳ ಸಂಯಮ ಎದ್ದು ಕಾಣುತ್ತದೆ. ಆರು ಮುಖದ ಕೃತಕ ಕಂಬಗಳನ್ನು ಎರಕಹೊಯ್ದು ನಿಲ್ಲಿಸಿದ್ದರೆ ಅದು ಅನುಕರಣೆಯಾಗುತ್ತಿತ್ತು, ಮೂಲದೆದುರು ಅಣಕವಾಗುತ್ತಿತ್ತು. ದ್ರವ್ಯವನ್ನು ನಿಸರ್ಗದಿಂದ ಪಡೆದು, ಆಕಾರ ಮನುಷ್ಯನದೆಂದು ಒಪ್ಪಿಕೊಂಡಿರುವುದರಿಂದ ಎರಡಕ್ಕೂ ಅವುಗಳ ಮರ್ಯಾದೆ ಸಂದಿದೆ. ಹಳೆಯ ಕಥಾವಸ್ತುವನ್ನು ಪಡೆದು ತನ್ನದೇ ಛಂದಸ್ಸಿನಲ್ಲಿ ನಡೆಸುವ ಕವಿಯ ಮಾರ್ಗವೂ ಇದೇ ತಾನೆ?

ಇನ್ನೂ ಒಂದು ಸೂಕ್ಷ್ಮವಿದೆ. ಕಟ್ಟಡ ಇರುವುದು ದಂಡೆಯ ಮೇಲ್ಗಡೆ. ಶಿಲಾಸ್ತಂಭಗಳು ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ಕೆಳಗಿವೆ. ಗಾಜಿನ ಹಿಂದೆ ಕುಳಿತು ಚಹಾ ಹೀರುತ್ತ ಅವನ್ನು ನೋಡಿ ಮುಗಿಸುವಂತಿಲ್ಲ. ತಿರುವಿನ ಹಾದಿಯಲ್ಲಿ ಗಾಳಿಗೆ ಮೈಯೊಡ್ಡಿ ಇಳಿದವರಿಗೆ ಕಲ್ಲು ತನ್ನ ಹೊತ್ತಿಗೆ ತಾನೇ ಕಾಣಿಸಿಕೊಳ್ಳುತ್ತದೆ.

ಹೊರಗೆ ಇಷ್ಟು ಸಾಮರಸ್ಯ ಸಾಧಿಸಿದ ಕಟ್ಟಡವು ಒಳಗೆ ಎಡವಿದ್ದೂ ಉಂಟು. ತೆರೆದ ಕೆಲವೇ ದಿನಗಳಲ್ಲಿ, ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷಗಳೆಂಬ ನಂಬಿಕೆಯನ್ನು ಪ್ರದರ್ಶನದ ಧ್ವನಿಮುದ್ರಿಕೆಯೊಂದು ಇನ್ನೂ ಮುಗಿಯದ ಚರ್ಚೆಯ ಭಾಗವೆಂಬಂತೆ ಹೇಳುತ್ತದೆ ಎಂಬ ಆಕ್ಷೇಪ ಎದ್ದಿತು. ಕೆಲವು ತಿಂಗಳಲ್ಲಿ ಆ ಭಾಗವನ್ನು ತಿದ್ದಲಾಯಿತು. ಬಸಾಲ್ಟ್ ನೀರಿನಿಂದ ಹುಟ್ಟಿತೋ ಬೆಂಕಿಯಿಂದಲೋ ಎಂದು 18ನೆಯ ಶತಮಾನದ ವಿದ್ವಾಂಸರು ವಾದಿಸಿದಾಗ ಇದೇ ಕಲ್ಲುಗಳು ಸಾಕ್ಷಿಕಟ್ಟೆಗೆ ಬಂದಿದ್ದವು. ಆ ಪ್ರಶ್ನೆ ಎಂದೋ ಇತ್ಯರ್ಥವಾಯಿತು. ಗೋಡೆ ನೆಲಕ್ಕೆ ನಿಷ್ಠವಾಗಿದ್ದರೆ ಸಾಲದು, ಗೋಡೆಯೊಳಗಿನ ಮಾತೂ ಆ ಕಲ್ಲಿನ ಸತ್ಯಕ್ಕೆ ನಿಷ್ಠವಾಗಿರಬೇಕು ಎಂಬುದಕ್ಕೆ ಈ ಪ್ರಸಂಗ ನಿದರ್ಶನ.

ಹಣದ ಪ್ರಶ್ನೆಯೂ ಉಂಟು. ಕೇಂದ್ರದ ಪ್ರವೇಶಕ್ಕೆ ಶುಲ್ಕವಿದೆ. ಕಲ್ಲುಗಳ ಬಳಿಗೆ ಹೋಗುವ ಸಾರ್ವಜನಿಕ ಹಾದಿ ಮಾತ್ರ ಉಚಿತವಾಗಿಯೇ ಉಳಿದಿದೆ. ದೈತ್ಯನು ಹಾಕಿದನೆಂಬ ಹಾದಿಗೆ ಸುಂಕದ ಕಟ್ಟೆ ಇಲ್ಲದಿರುವುದು ಹುಲ್ಲಿನ ಛಾವಣಿಯಷ್ಟೇ ಮುಖ್ಯವಾದ ಸಂಗತಿ. ಮರೆಯಲ್ಲಿ ನಿಂತ ಕಟ್ಟಡವು ತನ್ನ ಚೆಲುವಿನಿಂದಲೇ ಹೆಚ್ಚು ಜನರನ್ನು ಸೆಳೆಯುತ್ತದೆ; ಹೆಚ್ಚಿದ ಹೆಜ್ಜೆಗಳ ಭಾರವನ್ನು ಹೊರುವುದು ಅದೇ ಹಾದಿ, ಅದೇ ಕಲ್ಲು. ಯಾವ ವಾಸ್ತುಶಿಲ್ಪವೂ ಒಂದೇ ಸಲಕ್ಕೆ ಬಿಡಿಸಿಬಿಡಬಲ್ಲ ಒಗಟಲ್ಲ ಇದು.

ಕನ್ನಡನಾಡಿಗೆ ಈ ಕಥೆ ದೂರದ್ದೇನಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಅಂಥದೇ ಬಹುಮುಖದ ಶಿಲಾಸ್ತಂಭಗಳಿವೆ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಅದು. ವಯಸ್ಸಿನಲ್ಲಿ ಐರ್ಲೆಂಡಿನ ಕಲ್ಲಿಗಿಂತ ಹಿರಿದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯೂ ಅದಕ್ಕಿದೆ. ಅಲ್ಲಿಗೂ ಜನ ಬರುತ್ತಾರೆ; ಬಂದವರಿಗೆ ಬೇಕಾದುದನ್ನು ಕಟ್ಟಲೇಬೇಕಾಗುತ್ತದೆ. ಆದರೆ ಆಂಟ್ರಿಮ್‌ನ ಹುಲ್ಲಿನ ಛಾವಣಿಯನ್ನು ಹಾಗೆಯೇ ಎತ್ತಿ ತಂದರೆ ಡಾಬನ್ನು ಕೊರಳಿಗೆ ಕಟ್ಟಿದಂತಾದೀತು. ಉಪ್ಪುಗಾಳಿ, ತೆಂಗಿನ ಸಾಲು, ದೋಣಿಗಳನ್ನು ದಡದಲ್ಲೇ ತಡೆದು ನಿಲ್ಲಿಸುವ ಆಷಾಢದ ಕಡಲು: ಅಲ್ಲಿಯ ನೆಲ ಕೇಳುವ ಪ್ರಶ್ನೆಗಳೇ ಬೇರೆ. ಎರವಲು ತರಬೇಕಾದುದು ಆಕಾರವನ್ನಲ್ಲ, ಆ ಪ್ರಶ್ನೆಗಳನ್ನು ಕಿವಿಗೊಟ್ಟು ಕೇಳುವ ತಾಳ್ಮೆಯನ್ನು. ಅದಿದ್ದಲ್ಲಿ ದಡದಲ್ಲಿಯೇ ನಿಲ್ಲುವ ಸಣ್ಣದೊಂದು ಚಪ್ಪರ ಸಾಕೆಂಬ ತೀರ್ಮಾನವೂ ಉತ್ತಮ ವಾಸ್ತುಶಿಲ್ಪವೇ ಆದೀತು.