ಕೂತದ್ದೆಲ್ಲ ಕೂಡುವುದಿಲ್ಲ

ಆಗಸ್ಟ್ 2024. ತಂಗಿಯ ಮಗಳಿಗೆ ಹೊಸ ಕಂಪ್ಯೂಟರ್ ಬೇಕು. ಮದುವೆ ವಿಡಿಯೊ ಎಡಿಟ್ ಮಾಡುವುದು ಅವಳ ಕಸುಬು. ಈಗಿರುವುದು ಧಾರೆಯ ದೃಶ್ಯ ಮುಗಿಯುವುದರೊಳಗೆ ಮೂರು ಸಲ ನಿಂತುಬಿಡುತ್ತದಂತೆ. ಅಂಗಡಿಯ ಸಿದ್ಧ ಕಂಪ್ಯೂಟರ್ ಬೇಡ, ಬಿಡಿಭಾಗ ಆರಿಸಿ ತಂದು ನಾನೇ ಜೋಡಿಸುತ್ತೇನೆ ಎಂದಳು. "ನೀವೂ ಬನ್ನಿ ಮಾಮ, ಕರೆಂಟಿನ ವಿಷಯ ನಿಮಗೆ ಗೊತ್ತಲ್ಲ." ತಿಪಟೂರಿನಲ್ಲಿ ಮೂವತ್ತು ವರ್ಷ ತೆಂಗಿನ ತೋಟಗಳ ಪಂಪ್‌ಸೆಟ್ ಮೋಟಾರುಗಳಿಗೆ ರಿವೈಂಡಿಂಗ್ ಮಾಡಿದವನು ನಾನು. ಕಂಪ್ಯೂಟರಿನ ಒಳಗನ್ನು ಬಿಚ್ಚಿ ನೋಡಿದ್ದಿಲ್ಲ. ಕಂಡದ್ದನ್ನೂ ತಿಳಿಯದ್ದನ್ನೂ ಬರೆದಿಡುತ್ತಿದ್ದೇನೆ.

*

ಕ್ಯಾಬಿನೆಟ್ಟು, ಪವರ್ ಸಪ್ಲೈ, ಎಸ್‌ಎಸ್‌ಡಿ ಆರಿಸಲು ಅವಳಿಗೆ ಒಂದು ಸಂಜೆ ಸಾಕಾಯಿತು. ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ ನಾಲ್ಕು ರಾತ್ರಿ ಹೋಗಿವೆ, ಇನ್ನೂ ಮುಗಿದಿಲ್ಲ. ಮಿಕ್ಕವನ್ನು ಬೇಕಾದಾಗ ಬದಲಾಯಿಸಬಹುದು. ಇವೆರಡು ಮಾತ್ರ ಒಂದನ್ನೊಂದು ಕಟ್ಟಿಹಾಕುತ್ತವೆ.

ನಾನು ಅಂದುಕೊಂಡದ್ದು ಹೀಗೆ: ಬೋರ್ಡು ಮೋಟಾರಿನ ಬಾಡಿ ಇದ್ದಂತೆ, ಪ್ರೊಸೆಸರ್ ಒಳಗಿನ ವೈಂಡಿಂಗ್ ಇದ್ದಂತೆ. ವೈಂಡಿಂಗ್ ಸುಟ್ಟರೆ ಕಿತ್ತು ಹೊಸದು ಸುತ್ತುತ್ತೇವೆ, ಬಾಡಿ ಹಾಗೇ ಉಳಿಯುತ್ತದೆ. ಮೂರು ಸಲ ಸುತ್ತಿಸಿಕೊಂಡು ಇಪ್ಪತ್ತೈದು ವರ್ಷ ನೀರೆತ್ತಿದ ಮೋಟಾರುಗಳನ್ನು ಈ ಕೈಯಲ್ಲೇ ಮುಟ್ಟಿದ್ದೇನೆ. ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲವು ಸಲ ಹಾಗೆ ಮಾಮ, ಎಲ್ಲ ಸಲ ಅಲ್ಲ" ಎಂದಳು.

*

ಆ 'ಕೆಲವು ಸಲ' ಏನೆಂದು ಕೇಳಿ ಬರೆದುಕೊಂಡದ್ದು.

ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಪ್ರೊಸೆಸರ್ ಮಾಡುವ ಎಎಂಡಿ ಕಂಪನಿಯವರ ಎಎಂ4 ಸಾಕೆಟ್ ಬಂದದ್ದು 2016ರಲ್ಲಿ. 2017ರಲ್ಲಿ ಅವರ ಮೊದಲ ರೈಜನ್ ಪ್ರೊಸೆಸರ್ ಅದರ ಮೇಲೆ ಕೂತಿತು. 2022ರಲ್ಲಿ ಬಂದ 5800ಎಕ್ಸ್3ಡಿ ಕೂಡ ಅದೇ ಸಾಕೆಟ್ಟಿಗೆ. ಐದು ವರ್ಷದ ಹಳೆ ಬೋರ್ಡಿನ ಬಯಾಸ್, ಅಂದರೆ ಬೋರ್ಡಿನೊಳಗಿನ ಮೂಲ ತಂತ್ರಾಂಶ, ಹೊಸದು ಮಾಡಿಕೊಂಡು ಅದನ್ನು ಓಡಿಸಿದವರು ಬೇಕಾದಷ್ಟು ಜನ. ಬಾಡಿ ಅದೇ, ವೈಂಡಿಂಗ್ ಹೊಸದು. ನನ್ನ ಲೆಕ್ಕ ಇಲ್ಲಿ ಸರಿಹೋಯಿತು.

ಇನ್ನೊಂದು ಕಂಪನಿ ಇಂಟೆಲ್ಲಿನದು ಬೇರೆ. ಅವರ 1151 ಸಾಕೆಟ್ 2015ರದು. ಅಷ್ಟು ಸಂಪರ್ಕ ಬಿಂದುಗಳಿರುವುದರಿಂದ ಆ ಹೆಸರು. 2017ರ ಕೊನೆಗೆ ಎಂಟನೇ ಪೀಳಿಗೆ ಬಂತು. ಅದಕ್ಕೂ 1151 ಬಿಂದು, ಅದೇ ಅಳತೆ. ಹಳೆ ಬೋರ್ಡಿನಲ್ಲಿ ಇಟ್ಟರೆ ನೆಟ್ಟಗೆ ಕೂರುತ್ತದೆ, ಆದರೆ ಕಂಪ್ಯೂಟರ್ ಏಳುವುದಿಲ್ಲ. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಕೋರ್‌ಗಳು ಹೆಚ್ಚಾದವು, ಕರೆಂಟು ಹೆಚ್ಚು ಬೇಕು, ಅದಕ್ಕಾಗಿ ಕೆಲವು ಬಿಂದುಗಳ ಕೆಲಸ ಬದಲಾಯಿಸಿದ್ದೇವೆ ಎಂಬುದು ಕಂಪನಿಯ ಮಾತು. ಆಮೇಲೆ ಕೆಲವರು ಬಯಾಸ್ ತಿದ್ದಿ ಹಳೆ ಬೋರ್ಡಿನ ಮೇಲೇ ಓಡಿಸಿ ತೋರಿಸಿದರಂತೆ. ಹಾಗಿದ್ದರೆ ಕಂಪನಿಯ ಕಾರಣ ಎಷ್ಟು ಗಟ್ಟಿ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಚೆನ್ನಾಗಿರುವ ಒಂದು ಬೋರ್ಡು ಮೂಲೆ ಸೇರಿತಲ್ಲ ಎಂಬ ಸಂಕಟ ಮಾತ್ರ ಇದೆ.

*

ಅವಳ ಆಯ್ಕೆ ಈಗ ಎರಡಕ್ಕೆ ಇಳಿದಿದೆ.

ಎಎಂಡಿಯ ಹೊಸ ಸಾಕೆಟ್ ಎಎಂ5, 1718 ಬಿಂದುಗಳದು, 2022ರದು. 2027ರವರೆಗೆ ಮತ್ತು ಆಮೇಲೂ ಇದನ್ನು ನಡೆಸುತ್ತೇವೆ ಎಂದು ಕಂಪನಿ ಹೇಳಿದೆ. ಇಂಟೆಲ್ಲಿನ 1700 ಸಾಕೆಟ್ 2021ರದು. ಹನ್ನೆರಡು, ಹದಿಮೂರು, ಹದಿನಾಲ್ಕನೇ ಪೀಳಿಗೆಗಳು ಅದರ ಮೇಲೆ ಕೂತವು, ಮುಂದಿನ ಪೀಳಿಗೆಗೆ ಸಾಕೆಟ್ಟೇ ಬದಲಾಗುತ್ತದೆ. ಬಾಳಿಕೆ ನೋಡುವ ನನ್ನಂಥವನು ಎಎಂ5 ಬಿಟ್ಟು ಅತ್ತ ತಿರುಗಿಯೂ ನೋಡುವುದಿಲ್ಲ. ಅವಳು ಮಾತ್ರ ಇಂಟೆಲ್ ಕಡೆಗೇ ವಾಲುತ್ತಿದ್ದಾಳೆ. ಯಾಕೆ?

*

ಕಾರಣ ಕೇಳಿದೆ. ಅವಳ ಕ್ಯಾಮೆರಾ ಸೀರೆಯ ಬಣ್ಣ ಚೆನ್ನಾಗಿ ಬರಲೆಂದು 10 ಬಿಟ್, 4:2:2 ಎಂಬ ಬಗೆಯಲ್ಲಿ ಎಚ್.265 ಫೈಲು ಬರೆಯುತ್ತದೆ. ಮಾಮೂಲಿ ವಿಡಿಯೊಗಿಂತ ಇದರಲ್ಲಿ ಬಣ್ಣದ ವಿವರ ಎರಡು ಪಟ್ಟು. ಒತ್ತಿ ಕಟ್ಟಿದ ಈ ಗಂಟನ್ನು ಬಿಚ್ಚಿ ಪರದೆಗೆ ತರುವುದಕ್ಕೆ ಇಂಟೆಲ್ ಪ್ರೊಸೆಸರಿನ ಒಳಗೇ ಇರುವ ಪುಟ್ಟ ಗ್ರಾಫಿಕ್ಸ್‌ನಲ್ಲಿ ಪ್ರತ್ಯೇಕ ಯಂತ್ರಾಂಗ ಇದೆ. ಅವಳ ಹತ್ತಿರ ಆಗಲೇ ಇರುವ ಎನ್‌ವಿಡಿಯಾ 40 ಸರಣಿಯ ಗ್ರಾಫಿಕ್ಸ್ ಕಾರ್ಡು, ಅಷ್ಟು ದುಡ್ಡು ಕೊಟ್ಟದ್ದು, ಆಟವನ್ನೂ ರೆಂಡರನ್ನೂ ಸಲೀಸಾಗಿ ಮಾಡುತ್ತದೆ. ಈ ಒಂದು ಗಂಟನ್ನು ಮಾತ್ರ ಬಿಚ್ಚಲಾರದು. ಧಾರೆಯ ದೃಶ್ಯ ಮೂರು ಸಲ ನಿಲ್ಲುತ್ತಿದ್ದದ್ದು ಇದಕ್ಕೇ.

ಇದರಿಂದ ಇನ್ನೊಂದು ಸಂಗತಿ ಹೊಳೆಯಿತು. ಇಂಟೆಲ್ ಹೆಸರಿನ ಕೊನೆಗೆ 'ಎಫ್' ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಬೆಲೆ ತುಸು ಕಡಿಮೆ. ಕಾರ್ಡು ಇರುವವರಿಗೆ ಎಫ್ ಸಾಕು ಎಂಬುದು ಎಲ್ಲರ ಸಲಹೆ, ಹೆಚ್ಚಿನವರಿಗೆ ಸರಿಯಾದದ್ದೇ. ಅವಳು ಅದನ್ನು ಕೇಳಿದ್ದರೆ ತನಗೆ ಬೇಕಾದ ಒಂದೇ ಒಂದು ಅಂಗವಿಲ್ಲದ ಚಿಪ್ಪು ಮನೆಗೆ ಬರುತ್ತಿತ್ತು. ಒಂದಕ್ಷರಕ್ಕೆ ಇಷ್ಟು ತೂಕವಿದ್ದರೆ ಪೆಟ್ಟಿಗೆಯ ಮೇಲೆ ಅದನ್ನು ದೊಡ್ಡದಾಗಿ ಬಿಡಿಸಿ ಬರೆಯಬೇಡವೆ?

*

ಐ5-13500. ಎಫ್ ಇಲ್ಲ. ದೊಡ್ಡ ಕೋರ್ ಆರು, ಚಿಕ್ಕ ಕೋರ್ ಎಂಟು. ಇದೇ ಎಂದು ತೀರ್ಮಾನವಾಯಿತು.

*

ಇನ್ನು ಬೋರ್ಡು. ಇಲ್ಲಿ ನನ್ನ ಕಸುಬು ಎದುರಾಯಿತು, ರಾತ್ರಿ ನಿದ್ದೆ ಬರಲಿಲ್ಲ.

ಪ್ರೊಸೆಸರಿನ ವಿವರದಲ್ಲಿ 65 ವಾಟ್ ಎಂದಿದೆ. ಕೆಳಗಿನ ಸಾಲಿನಲ್ಲಿ ಗರಿಷ್ಠ 154 ವಾಟ್ ಎಂದೂ ಇದೆ. ನೇಮ್‌ಪ್ಲೇಟಿನಲ್ಲಿ ಎರಡು ಅಂಕಿ! ಸ್ವಲ್ಪ ಯೋಚಿಸಿದ ಮೇಲೆ ಹಿಡಿತ ಸಿಕ್ಕಿತು. ಮೋಟಾರು ಏಳುವಾಗ ಎಳೆಯುವ ಕರೆಂಟು ಓಡುವಾಗಿನದರ ಐದಾರು ಪಟ್ಟು ಇರುತ್ತದೆ, ಕೆಲವು ಸೆಕೆಂಡು ಮಾತ್ರ. ಇದೂ ಹಾಗೇ: ಅರ್ಧ ನಿಮಿಷದಷ್ಟು ಹೊತ್ತು 154ರವರೆಗೆ ಹೋಗಿ, ಆಮೇಲೆ 65ಕ್ಕೆ ಇಳಿಯಬೇಕೆಂಬುದು ಮೂಲ ಲೆಕ್ಕ. ಆದರೆ ಕೆಲವು ಬೋರ್ಡುಗಳು ಆ ಹೊತ್ತಿನ ಮಿತಿಯನ್ನು ತೆಗೆದುಹಾಕಿಯೇ ಕಾರ್ಖಾನೆಯಿಂದ ಬರುತ್ತವೆ. ಅಂದರೆ ಸ್ಟಾರ್ಟಿಂಗ್ ಕರೆಂಟಿನಲ್ಲೇ ಇಡೀ ದಿನ ಓಡುವ ಮೋಟಾರು.

ಅದಕ್ಕಿಂತ ಬೆರಗಿನದು ಮುಂದಿದೆ. ಪವರ್ ಸಪ್ಲೈಯಿಂದ ಬೋರ್ಡಿನ ಮೂಲೆಗೆ ಎಂಟು ತಂತಿಯ ಪ್ಲಗ್ಗು ಬರುತ್ತದೆ, ನಾಲ್ಕು 12 ವೋಲ್ಟಿನವು, ನಾಲ್ಕು ಅರ್ತಿನವು. 154 ವಾಟಿಗೆ 12 ವೋಲ್ಟಿನಲ್ಲಿ ಹದಿಮೂರು ಆಂಪ್ಸ್. ಸರಿ. ಆದರೆ ಪ್ರೊಸೆಸರಿಗೆ 12 ವೋಲ್ಟ್ ಬೇಡ, ಹೆಚ್ಚುಕಡಿಮೆ 1.2 ವೋಲ್ಟ್ ಸಾಕು. ಹತ್ತು ಪಟ್ಟು ಇಳಿಸಿದರೆ ಆಂಪ್ಸ್ ಹತ್ತು ಪಟ್ಟು ಏರುತ್ತದೆ: 128. ಲೆಕ್ಕ ತಪ್ಪಿತೇನೋ ಎಂದು ಮೂರು ಸಲ ಹಾಕಿದೆ. ಐದು ಎಚ್‌ಪಿ ಪಂಪು, ಬಾವಿಯಿಂದ ನೀರೆತ್ತಿ ತೋಟಕ್ಕೆಲ್ಲ ಹಾಯಿಸುವುದು, ಒಂದು ಫೇಸಿಗೆ ಎಳೆಯುವುದು ಏಳೆಂಟು ಆಂಪ್ಸ್. ಅಂಗೈ ಮಧ್ಯದಲ್ಲಿ ಕೂರುವ ಚಿಪ್ಪು ನೂರಿಪ್ಪತ್ತೆಂಟು ಆಂಪ್ಸ್ ಕೇಳುತ್ತದೆ. ಅಷ್ಟಕ್ಕೆ ನಾನಾದರೆ ಹೆಬ್ಬೆರಳು ಗಾತ್ರದ ಕೇಬಲ್ ಎಳೆಯುತ್ತಿದ್ದೆ. ಇಲ್ಲಿ ತಂತಿಯೇ ಕಾಣುವುದಿಲ್ಲ!

ಬೋರ್ಡಿನ ಚಿತ್ರ ದೊಡ್ಡದು ಮಾಡಿ ತೋರಿಸು ಎಂದೆ. ಸಾಕೆಟ್ಟಿನ ಸುತ್ತ ಸಾಲಾಗಿ ಚೌಕದ ಚಿಕ್ಕ ಡಬ್ಬಿಗಳು. "ಅವು ಚೋಕ್ ಮಾಮ" ಎಂದಳು. ಚೋಕ್! ಟ್ಯೂಬ್‌ಲೈಟಿನ ಚೋಕ್ ಗೊತ್ತಿಲ್ಲದವರುಂಟೆ? ತಾಮ್ರದ ಸುರುಳಿ. ನನ್ನ ಅನ್ನ. ಅದನ್ನು ಈ ಹಲಗೆಯ ಮೇಲೆ ನೋಡಿ ಊರಿನವರು ಸಿಕ್ಕಂತಾಯಿತು.

ಒಂದೊಂದು ಚೋಕಿನ ಹಿಂದೆ ಒಂದೆರಡು ಸ್ವಿಚ್ಚಿನಂಥ ಟ್ರಾನ್ಸಿಸ್ಟರು, ಎಲ್ಲ ಸೇರಿ ಒಂದು ಫೇಸ್. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ತೆರೆದು ಮುಚ್ಚುತ್ತ, ಒಂದಾದ ಮೇಲೊಂದು ಸರದಿಯಲ್ಲಿ ಭಾರ ಹೊರುತ್ತವೆ. ಎಂಟು ಫೇಸ್ ಇದ್ದರೆ ತಲೆಗೆ ಹದಿನಾರು ಆಂಪ್ಸ್. ಇದು ನನಗೆ ಅರ್ಥವಾಗುವ ಭಾಷೆ. ತಂತಿ ಇಲ್ಲದೆ ಹೇಗೆ ಎಂಬುದಕ್ಕೂ ಉತ್ತರ ಸಿಕ್ಕಿತು: ಬೋರ್ಡಿನ ಒಳಪದರಗಳಲ್ಲಿ ತಾಮ್ರದ ಅಗಲವಾದ ಹಾಳೆಗಳಿವೆ, ಹರಿಯುವ ದೂರ ಒಂದೆರಡು ಇಂಚು.

ಈಗ ಬೋರ್ಡಿನ ಬೆಲೆಯ ಏಣಿ ತಿಳಿಯಿತು. ಎಚ್610 ಎಂಬ ಅಗ್ಗದ ಬೋರ್ಡಿನಲ್ಲೂ ಈ ಪ್ರೊಸೆಸರ್ ಓಡುತ್ತದೆ. ಆದರೆ ಅಂಥವುಗಳಲ್ಲಿ ಹಲವಕ್ಕೆ ಫೇಸ್ ಕಡಿಮೆ, ಟ್ರಾನ್ಸಿಸ್ಟರುಗಳ ಮೇಲೆ ಬಿಸಿ ಹೀರುವ ಅಲ್ಯೂಮಿನಿಯಂ ತುಂಡೂ ಇಲ್ಲ. ಗಂಟೆಗಟ್ಟಲೆ ರೆಂಡರ್ ಹಾಕಿದರೆ ಕಾದು, ಪ್ರೊಸೆಸರಿನ ವೇಗವನ್ನೇ ಇಳಿಸಬೇಕಾಗುತ್ತದೆ. ಝಡ್790 ಇನ್ನೊಂದು ತುದಿ. ಹೆಸರಿನ ಕೊನೆಗೆ 'ಕೆ' ಇರುವ ಪ್ರೊಸೆಸರನ್ನು ಮಿತಿ ಮೀರಿ ಓಡಿಸುವವರಿಗೆ ಅದು. ಇವಳದ್ದಕ್ಕೆ ಕೆ ಇಲ್ಲ, ಆ ದುಡ್ಡು ದಂಡ. ದುಬಾರಿ ಬೋರ್ಡು ವೇಗ ಕೊಡುವುದಿಲ್ಲ. ಕಳಪೆ ಬೋರ್ಡು ಇರುವ ವೇಗವನ್ನು ಕಿತ್ತುಕೊಳ್ಳುತ್ತದೆ. ನಡುವಿನ ಬಿ760 ಸಾಕು, ಟ್ರಾನ್ಸಿಸ್ಟರಿನ ಮೇಲೆ ಅಲ್ಯೂಮಿನಿಯಂ ಇರಲೇಬೇಕು ಎಂದೆ. ಈ ವಿಷಯದಲ್ಲಿ ನಾನು ಹಟ ಮಾಡಿದೆ, ಅವಳು ಒಪ್ಪಿದಳು.

*

ಇದೇ ದಿನಗಳಲ್ಲಿ ಇಂಟೆಲ್ಲಿನ ಸುದ್ದಿ. ಹದಿಮೂರು, ಹದಿನಾಲ್ಕನೇ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರುಗಳು ಕೆಡುತ್ತಿವೆ. ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದವು ಎಂದು ಕಂಪನಿಯೇ ಒಪ್ಪಿ, ಈ ತಿಂಗಳು ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ. 13500 ಆ ಪಟ್ಟಿಯಲ್ಲಿಲ್ಲ ಎಂದು ಅವಳು ಎರಡೆರಡು ಸಲ ನೋಡಿಕೊಂಡಳು. ಓವರ್ ವೋಲ್ಟೇಜಿಗೆ ಸುಟ್ಟ ವೈಂಡಿಂಗಿನ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ತಿದ್ದುಪಡಿ ಬಂದರೂ ಆಗಲೇ ಸವೆದದ್ದು ಸರಿಹೋಗುವುದಿಲ್ಲವಂತೆ. ನಂಬಿ ಕೊಂಡವರ ಗತಿ ನೆನೆದು ಬೇಸರವಾಯಿತು.

*

ಬಿಡಿಭಾಗ ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡ್. ಚಿಕ್ಕಪೇಟೆ ಮೆಟ್ರೊ ಇಳಿದು ನಡೆದೆವು. ಬೀದಿ ಕಿರಿದು, ತಲೆಯ ಮೇಲೆ ಕೇಬಲ್ ರಾಶಿ, ಮಹಡಿ ಮೆಟ್ಟಿಲ ಮೇಲೂ ಪೆಟ್ಟಿಗೆ. 2008ರಲ್ಲಿ ಇಂಟೆಲ್ ಹೊರತಂದ ಆರು ಕೋರಿನ ಜಿಯಾನ್ 7400 ಸರಣಿಯ ಚಿಪ್ಪನ್ನು ವಿನ್ಯಾಸ ಮಾಡಿದ್ದು ಬೆಂಗಳೂರಿನ ತಂಡ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಈ ಊರಲ್ಲೇ. ಅಂಥ ಊರಿನಲ್ಲಿ ಈ ಪೆಟ್ಟಿಗೆಗಳನ್ನು ಸಮುದ್ರ ದಾಟಿಸಿ ತಂದು ಮಾರುತ್ತಾರೆ. ಇದು ನನ್ನ ತಲೆಯಲ್ಲಿ ಕೂರುತ್ತಲೇ ಇಲ್ಲ.

ಒಂದು ಅಂಗಡಿಯಲ್ಲಿ ಅವಳು ಹೇಳಿದ ಬೋರ್ಡನ್ನೇ ಕೊಟ್ಟರು. ದುಡ್ಡು ಎಣಿಸುವ ಹೊತ್ತಿಗೆ ಅವಳ ಕಣ್ಣಿಗೆ ಹೆಸರಿನ ಕೊನೆಯ 'ಡಿ4' ಬಿತ್ತು. ಅದು ಡಿಡಿಆರ್4 ಮೆಮೊರಿಯ ಬೋರ್ಡು, ಅವಳು ತಂದಿಟ್ಟದ್ದು ಡಿಡಿಆರ್5. ಬೋರ್ಡು ಬದಲಾಯಿಸಿಕೊಂಡೆವು. ಎರಡು ಮೆಮೊರಿ ಕಡ್ಡಿಗೂ 288 ಕಾಲು, ಉದ್ದವೂ ಒಂದೇ. ನಡುವಿನ ಕಚ್ಚು ಮಾತ್ರ ಒಂಚೂರು ಆಚೀಚೆ. ಆ ಕಚ್ಚು ಇಟ್ಟವರಿಗೆ ಕೈಮುಗಿಯಬೇಕು. ಕೂಡದ್ದು ಕೂರಲೂಬಾರದು ಎಂದು ಒಬ್ಬರಾದರೂ ಯೋಚಿಸಿದ್ದಾರೆ. 1151ರಲ್ಲಿ ಇಷ್ಟು ಮಾಡಿದ್ದರೆ ಸಾಕಿತ್ತು.

*

ಭಾನುವಾರ, ಅವಳ ಕೋಣೆ. ಸಾಕೆಟ್ಟಿನ ಮುಚ್ಚಳದ ಕೆಳಗೆ ಕೂದಲೆಳೆಯಂಥ 1700 ಮುಳ್ಳುಗಳು, ಒಂದು ಬಾಗಿದರೂ ಕೆಟ್ಟಿತು. ಅವಳು ಉಸಿರು ಬಿಗಿಹಿಡಿದು ಪ್ರೊಸೆಸರ್ ಇಟ್ಟಳು. ಲೀವರ್ ಒತ್ತುವಾಗ ಕರಕರ ಸದ್ದಾಯಿತು. ನನ್ನ ಎದೆ ಹೊಡೆದುಕೊಂಡಿತು. "ಹೀಗೇ ಆಗೋದು ಮಾಮ" ಎಂದಳು, ಅವಳ ಕೈಯೂ ನಡುಗುತ್ತಿತ್ತು. ಪ್ಲಾಸ್ಟಿಕ್ ಮುಚ್ಚಳ ತಾನೇ ಹಾರಿ ಬಿತ್ತು. ಎತ್ತಿ ಡಬ್ಬಿಯಲ್ಲಿ ಹಾಕಿಟ್ಟಳು. ವಾರಂಟಿಗೆ ಕಳಿಸುವಾಗ ಅದು ಬೇಕು.

ಸ್ವಿಚ್ ಹಾಕಿದ ಮೇಲೆ ಪರದೆ ಒಂದು ನಿಮಿಷ ಕಪ್ಪಗಿತ್ತು. ಬೋರ್ಡು ಹೊಸ ಮೆಮೊರಿಯನ್ನು ಪಳಗಿಸಿಕೊಳ್ಳುತ್ತಿದೆ ಎಂದಳು. ಆ ನಿಮಿಷ ಇಬ್ಬರೂ ಮಾತಾಡಲಿಲ್ಲ. ಬೆಳಕು ಬಂದಾಗ ಮೆಮೊರಿ 4800 ಎಂದು ತೋರಿಸಿತು, ಕೊಂಡದ್ದು 5600ರದು. ಬಯಾಸಿನಲ್ಲಿ ಮೆಮೊರಿಯನ್ನು ಅದರ ಹೇಳಿದ ವೇಗಕ್ಕೆ ತರುವ ಎಕ್ಸ್‌ಎಂಪಿ ಎಂಬುದನ್ನು ಒತ್ತಿದ ಮೇಲೆ ಸರಿಯಾಯಿತು. ಅಲ್ಲೇ ವಾಟಿನ ಮಿತಿಯನ್ನೂ ನೋಡು ಎಂದೆ. ನೋಡಿದರೆ ಮಿತಿ ತೆಗೆದೇ ಬಂದಿತ್ತು. ಹಾಗೇ ಬಿಟ್ಟು ಒಮ್ಮೆ ಓಡಿಸಿ ನೋಡೋಣ ಎಂದಳು.

ಧಾರೆಯ ದೃಶ್ಯ ಒಂದು ಸಲವೂ ನಿಲ್ಲದೆ ಹರಿಯಿತು. ಆಮೇಲೆ ಇಡೀ ಮದುವೆಯನ್ನು ರೆಂಡರಿಗೆ ಹಾಕಿದಳು, ಪ್ರೊಸೆಸರಿನ ಮೇಲೇ ಪೂರ್ತಿ ಭಾರ ಬೀಳುವ ಹಾಗೆ. ಒಂದು ಗಂಟೆ ಕಳೆದ ಮೇಲೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಮೋಟಾರಿಗೆ ಮಾಡುತ್ತಿದ್ದಂತೆ ಹಿಂಗೈಯನ್ನು ಆ ಅಲ್ಯೂಮಿನಿಯಂ ತುಂಡಿಗೆ ಹಿಡಿದೆ. ಬಿಸಿ ಇತ್ತು, ಕೈ ತೆಗೆಯಬೇಕು ಅನ್ನಿಸುವಷ್ಟು ಇರಲಿಲ್ಲ.

"ಏನಂತೆ ಮಾಮ?"

"ಓಡಲಿ ಬಿಡಮ್ಮ" ಎಂದೆ.