ಅಕ್ಕ ಬಿದ್ದ ರಾತ್ರಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದರು. ನೆನಪುಗಳನ್ನು ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಈ ಇಳಿವಯಸ್ಸಿನಲ್ಲಿ ಕಲಿತ ಪಾಠವನ್ನು ಬರೆಯುತ್ತೇನೆ.

2023ರ ಕಾರ್ತಿಕದ ಮಳೆಯ ದಿನಗಳು. ಕಂಬಂ ಕಣಿವೆಯ ದ್ರಾಕ್ಷಿತೋಟದಲ್ಲಿ ಬಾಳಿ ಬದುಕಿದ ನನ್ನ ಅಕ್ಕನಿಗೆ ಆಗ ಎಂಬತ್ತೊಂದು ವರ್ಷ. ಕಾಲು ಬಾವು, ಏದುಸಿರೆಂದು ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ರಾತ್ರಿ ಜೊತೆಗೆ ನಾನೇ ಉಳಿದೆ. ಎರಡು ಗಂಟೆಯ ಸುಮಾರಿಗೆ ಸದ್ದು ಕೇಳಿ ಎಚ್ಚೆತ್ತಾಗ ಅಕ್ಕ ಶೌಚಾಲಯದ ಬಾಗಿಲಲ್ಲಿ ಬಿದ್ದಿದ್ದಳು. ಡ್ರಿಪ್ ಕಂಬ ಅವಳ ಮೇಲೊರಗಿತ್ತು. ತೊಡೆಮೂಳೆ ಸೊಂಟದ ಬಳಿ ಮುರಿದಿತ್ತು. ನಾನು ಮಲಗಿದ್ದುದು ಅವಳ ಮಂಚದಿಂದ ನಾಲ್ಕು ಮೊಳ ದೂರದಲ್ಲಿ.

ಓಡಿಬಂದ ದಾದಿಯನ್ನು ನಾನು ಗದರಿಸಿದೆ. ಆ ಹುಡುಗಿ ಸಂಜೆಯೇ ಕರೆಗಂಟೆಯನ್ನು ತೋರಿಸಿ ತಮಿಳಿನಲ್ಲಿ ಎರಡು ಸಲ ಹೇಳಿಹೋಗಿದ್ದಳೆಂಬುದು ನನಗೆ ನೆನಪಾದದ್ದು ಬೆಳಗಾದ ಮೇಲೆ.

ದಿಂಡಿಗಲ್ಲಿನ ಕಡೆ ಶುಶ್ರೂಷಾ ಶಿಕ್ಷಣದಲ್ಲಿರುವ ನನ್ನ ವಿದ್ಯಾರ್ಥಿನಿ ಸುದ್ದಿ ತಿಳಿದು ಬಂದಳು. “ಮೇಷ್ಟ್ರೇ, ಇದಕ್ಕೊಂದು ಪ್ರಶ್ನೆಪತ್ರಿಕೆಯೇ ಇದೆ” ಎಂದು ಕಾಗದವೊಂದನ್ನು ಮುಂದಿಟ್ಟಳು. ಜಾನಿಸ್ ಮೋರ್ಸ್ ಎಂಬ ಶುಶ್ರೂಷಾ ಸಂಶೋಧಕಿ 1980ರ ದಶಕದಲ್ಲಿ ಕೆನಡಾದಲ್ಲಿ ಸಿದ್ಧಪಡಿಸಿದ ಅಳತೆಗೋಲು ಅದು. ಆರೇ ಪ್ರಶ್ನೆಗಳು. ನಾನು ಹಳೆಯ ಅಭ್ಯಾಸದಂತೆ ಕೆಂಪು ಪೆನ್ನು ಹಿಡಿದೆ. ಇತ್ತೀಚೆಗೆ ಬಿದ್ದದ್ದುಂಟೆ? ಅಂಗಳದಲ್ಲಿ ಜಾರಿದ್ದಳು, 25. ಒಂದಕ್ಕಿಂತ ಹೆಚ್ಚು ಕಾಯಿಲೆ, 15. ಗೋಡೆ ಮೇಜು ಹಿಡಿದು ನಡೆಯುವುದು, 30. ಕೈಯಲ್ಲಿ ಡ್ರಿಪ್ ಸೂಜಿ, 20. ಬಲಗುಂದಿದ ನಡಿಗೆ, 10. ತನ್ನ ಶಕ್ತಿಯ ಮಿತಿಯನ್ನು ಮರೆಯುವುದು, 15. ಒಟ್ಟು 125ಕ್ಕೆ 115! ಸಾಮಾನ್ಯವಾಗಿ 45 ದಾಟಿದರೇ ಅಪಾಯವೆನ್ನುತ್ತಾರೆ. ಮೂರನೆಯ ತರಗತಿಗೆ ಶಾಲೆ ಬಿಟ್ಟ ಅಕ್ಕ ಜೀವಮಾನದಲ್ಲಿ ಪಡೆದ ಅತಿ ಹೆಚ್ಚಿನ ಅಂಕ ಇದೇ ಇರಬೇಕು.

ಅಂಕ ಹಾಕಿದ ಮಾತ್ರಕ್ಕೆ ರೋಗಿ ಬೀಳದೆ ಉಳಿಯುವುದಿಲ್ಲವೆಂದೂ ಅವಳೇ ಹೇಳಿದಳು. ಆಸ್ಟ್ರೇಲಿಯದಲ್ಲಿ ಆರು ಆಸ್ಪತ್ರೆಗಳ 24 ವಾರ್ಡುಗಳಲ್ಲಿ ಅಪಾಯದ ಅಂಕ, ಎಚ್ಚರಿಕೆಯ ಫಲಕ, ತಗ್ಗು ಮಂಚ, ಮಂಚದ ಗಂಟೆ ಮೊದಲಾದವುಗಳನ್ನೆಲ್ಲ ಸೇರಿಸಿ ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು; ಬೀಳುವವರ ಪ್ರಮಾಣ ತಗ್ಗಿರಲಿಲ್ಲ. ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿಯು 2013ರಲ್ಲಿಯೇ ಅಂಕ ಎಣಿಸಿ ಭವಿಷ್ಯ ಹೇಳುವುದು ಬೇಡವೆಂದಿತ್ತು. ಹಾಗೆಂದು ರೋಗಿಯನ್ನು ಮಂಚಕ್ಕೆ ಅಂಟಿಸಿಡುವುದೂ ಸರಿಯಲ್ಲ. ನಾಲ್ಕು ದಿನ ಮಲಗಿದಲ್ಲೇ ಇದ್ದರೆ ಮುದುಕರ ಕಾಲಿನ ಕಸುವೇ ಹೋಗುತ್ತದೆ. ಅಮೆರಿಕದಲ್ಲಿ ಪೆಟ್ರಿಷಿಯಾ ಡೈಕ್ಸ್ ಎಂಬ ಶುಶ್ರೂಷಾ ವಿಜ್ಞಾನಿಯ ತಂಡ ಬೇರೆ ದಾರಿ ಹಿಡಿಯಿತು. ಈ ರೋಗಿ ಏಕೆ ಬಿದ್ದಾರು, ಅದಕ್ಕೇನು ಮಾಡಬೇಕು ಎಂಬುದನ್ನು ರೋಗಿ ಮತ್ತು ಮನೆಯವರೊಡನೆ ಕುಳಿತೇ ಚಿತ್ರಫಲಕದಲ್ಲಿ ಗುರುತಿಸಿ ಮಂಚದ ಬಳಿ ತೂಗುಹಾಕುವುದು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, 14 ವಿಭಾಗಗಳಲ್ಲಿ, ಬೀಳುವುದು ಶೇಕಡಾ 15ರಷ್ಟೂ ಬಿದ್ದು ಪೆಟ್ಟಾಗುವುದು ಶೇಕಡಾ 34ರಷ್ಟೂ ಇಳಿಯಿತಂತೆ.

“ಅಲ್ಲಿ ಮನೆಯವರನ್ನು ಒಳಗೆ ಕರೆತರಲು ಸಂಶೋಧನೆ ಬೇಕಾಯಿತು; ನಮ್ಮಲ್ಲಿ ಮನೆಯವರು ಮಂಚದ ಪಕ್ಕದಲ್ಲೇ ಚಾಪೆ ಹಾಸಿರುತ್ತಾರೆ” ಎಂದಳು. ನಾನು ತಲೆ ತಗ್ಗಿಸಿದೆ. ಚಾಪೆ ಹಾಸಿದ್ದವನು ನಾನೇ ತಾನೆ!

ಆಗ ಅವಳು ಅಕ್ಕನ ಕೈ ಹಿಡಿದು ನಮ್ಮ ಮನೆಗನ್ನಡದಲ್ಲೇ ಕೇಳಿದಳು: “ಅಜ್ಜಿ, ಮೇಷ್ಟ್ರನ್ನು ಯಾಕೆ ಎಬ್ಬಿಸಲಿಲ್ಲ?”

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. “ತಮ್ಮನ್ನ ಎಬ್ಬಿಸಿ, ಕಕ್ಕಸಿಗೆ ಕರ್ಕೊಂಡು ಹೋಗಪ್ಪ ಅನ್ನಲೇನಮ್ಮ?”

ನಾನು ಹೊರಗೆ ವರಾಂಡಕ್ಕೆ ಬಂದುಬಿಟ್ಟೆ. ನಾಚಿಕೆ ಆ ಕಾಗದದ ಆರು ಪ್ರಶ್ನೆಗಳಲ್ಲಿ ಎಲ್ಲಿಯೂ ಇರಲಿಲ್ಲ. ಆ ರಾತ್ರಿ ಅಣ್ಣನ ಸೊಸೆಯನ್ನು ಉಳಿಸಿದ್ದರೆ ಸಾಕಾಗಿತ್ತು. ಆಕೆ ತಾನಿರುವೆನೆಂದು ಹೇಳಿಯೂ ಇದ್ದಳು. ದಣಿದಿದ್ದಾಳೆಂದು ಮನೆಗೆ ಕಳುಹಿಸಿದವನು ನಾನು.

ಶಸ್ತ್ರಚಿಕಿತ್ಸೆಯಾಯಿತು. ನೀರಿಳಿಯುವ ಮಾತ್ರೆಯನ್ನು ವೈದ್ಯರು ಬೆಳಗಿನ ಹೊತ್ತಿಗೆ ಬದಲಾಯಿಸಿದರು. ಅಕ್ಕ ಈಗ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾಳೆ, ತೋಟದವರೆಗೆ ಹೋಗಲಾರಳು. ರಾತ್ರಿ ಮೊಮ್ಮಗಳು ಪಕ್ಕದಲ್ಲಿ ಮಲಗುತ್ತಾಳೆ. ನಡುಮನೆಯ ದೀಪ ಆರುವುದಿಲ್ಲ.

ಕಳೆದ ದೀಪಾವಳಿಗೆ ನನ್ನ ವಿದ್ಯಾರ್ಥಿನಿ ಮನೆಗೆ ಬಂದಿದ್ದಳು. ತನ್ನ ಮಕ್ಕಳಿಗೆ ಪಾಠ ಹೇಳುವಾಗ ಆ ಆರು ಪ್ರಶ್ನೆಗಳ ಕೆಳಗೆ ಏಳನೆಯದೊಂದನ್ನು ಕೈಯಿಂದ ಬರೆಸುತ್ತಾಳಂತೆ: “ರಾತ್ರಿ ಶೌಚಕ್ಕೆ ಏಳಬೇಕಾದರೆ ನೀವು ಯಾರನ್ನು ಕರೆಯುವಿರಿ?” ಅದಕ್ಕೆ ಎಷ್ಟು ಅಂಕವೆಂದು ಕೇಳಿದೆ. ಅಂಕವಿಲ್ಲ ಮೇಷ್ಟ್ರೇ, ಹೆಸರು ಬರೆದುಕೊಳ್ಳಬೇಕು ಅಷ್ಟೇ, ಎಂದಳು.